‘ನಾವು’ ಅಂದರೆ ಯಾರು

ಅಮೆರಿಕದ ಮೆಂಫಿಸ್ ನಗರದ ಒಂದು ಕಂಪನಿಯಲ್ಲಿ ಹದಿನಾರು ವರ್ಷದಿಂದ ಸೇತುವೆಗಳ ಇಂಜಿನಿಯರ್ ಆಗಿದ್ದ ಲವೋನ್ಯಾ, ಮುಖ್ಯ ಇಂಜಿನಿಯರ್ ಹುದ್ದೆಗೆ ಅರ್ಜಿ ಬರೆದಿದ್ದಳು. ಶನಿವಾರ ಬೆಳಿಗ್ಗೆ ವರ್ಲೀನ್ ಚಿಕ್ಕಮ್ಮ ಹಿತ್ತಿಲ ಕಡೆಯ ಜಗಲಿಯಲ್ಲಿ ಕೂರಿಸಿಕೊಂಡು ಅವಳಿಗೆ ಸಣ್ಣ ಸಣ್ಣ ಜಡೆ ಹೆಣೆಯುತ್ತಿದ್ದಾಗ ಲವೋನ್ಯಾ ಅದನ್ನು ಓದಿ ಹೇಳಿದಳು.

“ನಾವು ಸೇತುವೆಯ ಅಡಿಯಲ್ಲಿ ಬಿರುಕು ಪತ್ತೆ ಮಾಡಿದೆವು. ನಾವು ಸೇತುವೆ ಮುಚ್ಚಿಸಿದೆವು...”

ಚಿಕ್ಕಮ್ಮನ ಕೈ ನಿಂತಿತು. “ಯಾರೇ ಅದು ನಾವು? ಆ ಚಳೀಲಿ ಹಗ್ಗ ಕಟ್ಕೊಂಡು ಕೆಳಗಿಳಿದಿದ್ದು ನೀನೊಬ್ಳೇ ಅಲ್ವಾ?”

“ಹೌದು ಚಿಕ್ಕಮ್ಮ. ಆದ್ರೆ ನಾನು ನಾನು ಅಂದ್ರೆ ಜಂಬ ಅಂತಾರೆ. ನಮ್ಮಂಥ ಕಪ್ಪು ಹೆಂಗಸರಿಗಂತೂ ಇನ್ನೂ ಬೇಗ ಅಂತಾರೆ.”

“ಅಂದ್ಕೊಳ್ಲಿ ಬಿಡು. ಬೇರೆಯವ್ರು ಮಾಡಿದ್ದನ್ನ ನಿಂದು ಅನ್ಬೇಡ. ನೀನು ಮಾಡಿದ್ದನ್ನ ಯಾಕೆ ಊರಿಗೆಲ್ಲ ಹಂಚ್ತೀಯ? ತಲೆ ಅಲ್ಲಾಡಿಸ್ಬೇಡ, ಬೈತಲೆ ಸೊಟ್ಟ ಆಗುತ್ತೆ.”

ಲವೋನ್ಯಾ ಪೆನ್ಸಿಲ್ ಹಿಡಿದು ಕೂತಳು. ದುರಸ್ತಿ ಮಾಡಿದ್ದು ಇಡೀ ತಂಡ, ಹಾಗಾಗಿ ಅಲ್ಲಿ ‘ನಾವು’ ಉಳಿಯಿತು. ಬೇರೆ ಐದು ಕಡೆ ‘ನಾನು’ ಎಂದು ತಿದ್ದುವಾಗ ಏನೋ ಕದಿಯುತ್ತಿದ್ದೇನೆ ಅನಿಸಿತು. ಆದರೂ ತಿದ್ದಿದಳು.

ಸಂದರ್ಶನದಲ್ಲಿ ಒಬ್ಬರು ಕೇಳಿದರು. “ಇನ್ನೂ ಸ್ವಲ್ಪ ದಿನ ಕಾಯೋಣ ಅಂತ ಎಲ್ರೂ ಅಂದಿದ್ರಂತೆ. ಸೇತುವೆ ಮುಚ್ಚಿಸೋ ನಿರ್ಧಾರ ಯಾರದ್ದು?”

“ನನ್ನದು,” ಎಂದಳು ಲವೋನ್ಯಾ. ಅದಕ್ಕೆ ಇನ್ನೇನಾದರೂ ಸೇರಿಸಬೇಕು ಅಂತಲೂ ಅನಿಸಲಿಲ್ಲ.

ಮಾರ್ಚ್‌ನಲ್ಲಿ ಆ ಹುದ್ದೆ ಅವಳಿಗೇ ಸಿಕ್ಕಿತು. ಫೋನ್ ಮಾಡಿ ತಿಳಿಸಿದಾಗ ಚಿಕ್ಕಮ್ಮ ಮೂಗು ಒರೆಸಿಕೊಂಡು, “ಭಾನುವಾರ ಚರ್ಚ್ ಮುಗಿಸ್ಕೊಂಡು ಸೀದಾ ಇಲ್ಲಿಗೆ ಬಾ, ಮೀನು ಹುರೀತೀನಿ,” ಎಂದಳು.