ಪಿಯಾಸಾದ ಹುಡುಗ

"ಕೇಟರಿಂಗ್‌ನವರು ಹಿಂದಿನ ಲಿಫ್ಟಿನಲ್ಲಿ ಬರಬೇಕು" ಎಂದು ಇಂಗ್ಲಿಷಿನಲ್ಲಿ ಹೇಳುತ್ತ ಸುಪ್ರಿಯಾ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಹೊರಗೆ ಬಿಳಿ ಶಾಲು ಹೊದ್ದ ನಾಲ್ವರು ಆಫ್ರಿಕನ್ ಹೆಂಗಸರು, ಅವರ ಹಿಂದೆ ದೊಡ್ಡ ಪಾತ್ರೆ ಹಿಡಿದ ಇಬ್ಬರು ಗಂಡಸರು.

"ನಾವು ಅಳಲು ಬಂದಿದ್ದೇವೆ" ಎಂದಳು ಮುಂದಿದ್ದವಳು. ಅವಳ ಹೆಸರು ಅಲ್ಮಾಜ್. "ಅಡುಗೆಯಲ್ಲಿ ಮಾಂಸ ಇಲ್ಲ. ಅವರು ತಿನ್ನುತ್ತಿರಲಿಲ್ಲವಲ್ಲ."

ಅತ್ತೆ ವಸಂತಲಕ್ಷ್ಮಿಯವರ ದಹನ ಮುಗಿಸಿ ಸಿಯಾಟಲ್ ಪಕ್ಕದ ಫ್ಯಾಕ್ಟೋರಿಯಾದ ಈ ಅಪಾರ್ಟ್‌ಮೆಂಟಿಗೆ ಮನೆಯವರು, ಪರಿಚಯದವರು ಆಗಷ್ಟೇ ಬಂದಿದ್ದರು. ಫ್ಯೂನರಲ್ ಹೋಮಿನಲ್ಲಿ ಸತ್ತವರಿಗೂ ಅಪಾಯಿಂಟ್‌ಮೆಂಟು. ಪುರೋಹಿತರು ಗಡಿಯಾರ ನೋಡುತ್ತ ಮಂತ್ರ ಹೇಳಿದರು, ಮಗ ಉದಯ್ ದಹನಯಂತ್ರದ ಗುಂಡಿ ಒತ್ತಿದ. ಯಾರೂ ಅಳಲಿಲ್ಲ. "ತುಂಬಾ ನೀಟಾಗಿ ಆಯ್ತು" ಎಂದು ಕನ್ನಡ ಸಂಘದ ರಮೇಶ್ ಮೆಚ್ಚಿಕೊಂಡಿದ್ದರು. ಮದುವೆ ಊಟ ಮೆಚ್ಚಿಕೊಳ್ಳುವುದೂ ಹಾಗೆಯೇ ಇರುತ್ತದೆ.

ಮಗಳು ಕವನಾ ಒಳಗಿಂದ ಓಡಿಬಂದಳು. "ಮಾಮ್, ದೇ ಆರ್ ಅಜ್ಜೀಸ್ ಫ್ರೆಂಡ್ಸ್. ದೇ ಕಾಲ್ಡ್, ಐ ಟೋಲ್ಡ್ ದೆಮ್."

"ಫ್ರೆಂಡ್ಸಾ?" ಸುಪ್ರಿಯಾ ಗಂಡನ ಕಡೆ ತಿರುಗಿದಳು. "ರೀ, ಶನಿವಾರ ಶನಿವಾರ ಲೈಬ್ರರಿಗೆ ಹೋಗ್ತೀನಿ ಅಂತಿದ್ರಲ್ಲ ಅತ್ತೆ?"

ಉದಯ್ ಪಾತ್ರೆ ಇಡಲು ಮೇಜಿನ ಮೇಲೆ ಜಾಗ ಮಾಡತೊಡಗಿದ. ಆ ಹೆಂಗಸರು ತಮ್ಮ ಭಾಷೆಯಲ್ಲಿ ತಮ್ಮೊಳಗೇ ಆಡಿಕೊಂಡ ನಾಲ್ಕು ಮಾತು ಅವನ ಕಿವಿಗೆ ಬಿದ್ದಿತ್ತು, ಅರ್ಥವೂ ಆಗಿತ್ತು.

* * *

ಉದಯ್ ಹುಟ್ಟಿದ್ದು ಇಥಿಯೋಪಿಯಾದ ಆಡಿಸ್ ಅಬಾಬಾದಲ್ಲಿ. ಅಪ್ಪ ಅಲ್ಲಿನ ಶಾಲೆಯಲ್ಲಿ ಗಣಿತದ ಮೇಷ್ಟರು, ಅಮ್ಮ ಡ್ರಾಯಿಂಗ್ ಟೀಚರು. ಮನೆ ಇದ್ದದ್ದು ಪಿಯಾಸಾ ಎಂಬ ಹಳೇ ಪೇಟೆಯಲ್ಲಿ. ಮರದ ಮಹಡಿ, ಕೆತ್ತನೆಯ ಕಟಕಟೆ, ತಗಡಿನ ಸೂರು. ಕೆಳಗೆ ಅಕ್ಕಸಾಲಿಗರ ಅಂಗಡಿ, ಕಾಫಿ ಹುರಿಯುವ ಹೊಗೆ, ನೀಲಿ-ಬಿಳಿ ಟ್ಯಾಕ್ಸಿಗಳ ಗದ್ದಲ. ಅಮ್ಮ ಸಂಜೆ ಮಹಡಿಯಲ್ಲಿ ಕೂತು ಆ ಬೀದಿಯನ್ನೇ ಚಿತ್ರ ಬರೆಯುತ್ತಿದ್ದಳು. ಬೀದಿಯವರಿಗೆಲ್ಲ ಉದಯ್ 'ಮಾಮುಶ್', ಅಂದರೆ ಪುಟ್ಟ.

ದೊರೆಯನ್ನು ಇಳಿಸಿ ಸೈನ್ಯ ಬಂತು, ಬೀದಿಯಲ್ಲಿ ಗುಂಡು ಹಾರಿತು. ಹನ್ನೊಂದರ ಹುಡುಗನನ್ನು ಕರೆದುಕೊಂಡು ಅಪ್ಪ ಅಮ್ಮ ಮೈಸೂರಿಗೆ ವಾಪಸಾದರು. ಅಲ್ಲಿನ ಶಾಲೆಯ ಹುಡುಗರು ಅವನ ಮುರುಕು ಕನ್ನಡ ಕೇಳಿ "ಕಾಡು ಮನುಷ್ಯ ಬಂದ" ಎಂದು ಕುಣಿದರು. ಆಮೇಲೆ ಅವನು ಹುಟ್ಟಿದ್ದೇ ಸರಸ್ವತಿಪುರಂ ಎನ್ನತೊಡಗಿದ. ಸುಳ್ಳು ಎಷ್ಟು ಚೆನ್ನಾಗಿ ಒಗ್ಗಿತೆಂದರೆ ಕಟ್ಟಿಕೊಂಡ ಹೆಂಡತಿಗೂ ಅದನ್ನೇ ಬಡಿಸಿದ.

ಅಮ್ಮ ಅಮೆರಿಕಕ್ಕೆ ಬಂದ ಹೊಸದರಲ್ಲಿ, ಬೆಲ್ವ್ಯೂ ಪಾರ್ಕಿಂಗ್ ಲಾಟಿನಲ್ಲಿ ಕೆಲಸಕ್ಕಿದ್ದ ಇಥಿಯೋಪಿಯಾದವನೊಬ್ಬನ ಜೊತೆ ಅವನ ಭಾಷೆಯಲ್ಲೇ ಹರಟಿ, ನಕ್ಕು, ಹುಡುಗಿಯ ಹಾಗೆ ಕಾರು ಹತ್ತಿದ್ದಳು.

"ಅಮ್ಮಾ, ಇಲ್ಲಿ ನಮ್ಮ ಆಫೀಸ್‌ನವ್ರು ಓಡಾಡ್ತಿರ್ತಾರೆ. ಆ ಆಫ್ರಿಕಾ ಕತೆ ಎಲ್ಲ ಬೇಡ."

"ಕತೆ ಏನೋ? ನಿನ್ನನ್ನ ಹೆತ್ತ ಊರು ಕಣೋ ಅದು."

"ನಾನು ಮೈಸೂರಿನವನು. ಅಷ್ಟೇ. ಸುಪ್ರಿಯಾ ಮುಂದೆನೂ ಎತ್ತಬೇಡ."

ಮತ್ತೆ ಎತ್ತಲಿಲ್ಲ. ಶನಿವಾರ ಮಾತ್ರ ಬಸ್ಸು ಹಿಡಿದು ಸರೋವರ ದಾಟಿ ಸಿಯಾಟಲ್‌ಗೆ ಹೋಗಿಬರುತ್ತಿದ್ದಳು.

* * *

ಹೆಂಗಸರು ಹಾಲಿನ ಕಾರ್ಪೆಟ್ಟಿನ ಮೇಲೆ ಕೂತರು. ಅವರ ಊರಿನಲ್ಲಿ ಕೇರಿಗೊಂದು ಕೂಟ ಇರುತ್ತದೆ. ಯಾರ ಮನೆಯಲ್ಲಿ ಸಾವಾದರೂ ಅಡುಗೆ ಹೊತ್ತು ಬಂದು, ಸತ್ತವರ ಫೋಟೋ ಎತ್ತಿ ಹಿಡಿದು, ಅವರ ಗುಣ ಹಾಡಿ, ಎದೆ ಬಡಿದುಕೊಂಡು ಅಳುತ್ತಾರೆ. ಸಿಯಾಟಲ್ಲಿನ ಅಂಥ ಕೂಟದಲ್ಲಿ ವಸಂತಲಕ್ಷ್ಮಿಯೂ ಒಬ್ಬಳಾಗಿದ್ದಳು. ಎಷ್ಟೋ ಮನೆಗಳಲ್ಲಿ ಈರುಳ್ಳಿ ಹೆಚ್ಚಿಕೊಟ್ಟು ಅತ್ತುಬಂದಿದ್ದಳು.

ಅವಳ ಫೋಟೋ ಅವರ ಬಳಿ ಇರಲಿಲ್ಲ. ಅವಳು ಬರೆದುಕೊಟ್ಟ ಚಿತ್ರವನ್ನೇ ಕೂಟದ ಗೋಡೆಯಿಂದ ಇಳಿಸಿ ತಂದಿದ್ದರು. ಮರದ ಮಹಡಿ, ತಗಡಿನ ಸೂರು, ನೀಲಿ ಟ್ಯಾಕ್ಸಿ, ಮೆಟ್ಟಿಲ ಮೇಲೆ ಚಡ್ಡಿ ಹಾಕಿಕೊಂಡ ಕಂದು ಬಣ್ಣದ ಹುಡುಗ.

"ಯಾರ್ರೀ ಉದಯ್ ಇವ್ರು? ಪಾರ್ಕಿಂಗ್‌ನೋರಾ?" ರಮೇಶ್ ಪಿಸುಗುಟ್ಟಿದರು.

ಅಲ್ಮಾಜ್ ತನ್ನ ಭಾಷೆಯಲ್ಲಿ ಉದಯನನ್ನು ಕೇಳಿದಳು: "ಮಗನೇ, ಈ ಹುಡುಗ ನಿನಗೆ ಏನಾಗಬೇಕು?"

'ನಾನೇ' ಎಂಬ ಮಾತು ಅವನ ನಾಲಗೆಯ ತುದಿಗೆ ಬಂತು, ಅದೂ ಅದೇ ಭಾಷೆಯಲ್ಲಿ. ರಮೇಶ್ ನೋಡುತ್ತಿದ್ದರು. ಸುಪ್ರಿಯಾ ನೋಡುತ್ತಿದ್ದಳು.

"ಸಾರಿ" ಎಂದ ಇಂಗ್ಲಿಷಿನಲ್ಲಿ. "ನಿಮ್ಮ ಭಾಷೆ ನನಗೆ ಬರುವುದಿಲ್ಲ."

ಅಲ್ಮಾಜ್ ಅವನನ್ನು ಕನಿಕರದಿಂದ ನೋಡಿ ಪಕ್ಕದವಳಿಗೆ ಹೇಳಿದಳು: "ಪಾಪ, ಇವನು ಇಂಡಿಯಾಕ್ಕೆ ಹೋದ ಮೇಲೆ ಹುಟ್ಟಿದವನಿರಬೇಕು. ಮೈಸೂರಲ್ಲೇ ಮಾಮುಶ್ ನನ್ನ ಕೈಬಿಟ್ಟು ಹೋದ ಅಂತ ಅಮ್ಮ ಕಣ್ಣೊರೆಸಿಕೊಳ್ಳುತ್ತಿದ್ದರಲ್ಲ."

"ಅವನು ಸತ್ತಾಗ ಅತ್ತವರು ಯಾರಾದರೂ ಇದ್ದರೋ ಇಲ್ಲವೋ."

"ಯಾರಿರುತ್ತಾರೆ? ಮೈಸೂರಲ್ಲಿ ಅವನನ್ನು ಬಲ್ಲವರು ಯಾರು? ನಾವೇ ಅತ್ತುಬಿಡೋಣ."

ಚಿತ್ರ ಮೇಲೆದ್ದಿತು. ಮೊದಲು ತಾಯಿಗಾಗಿ ಅತ್ತರು. ಆಮೇಲೆ ಮೆಟ್ಟಿಲ ಮೇಲಿನ ಹುಡುಗನ ಕಡೆ ಕೈ ಚಾಚಿ, ಅಯ್ಯೋ ಮಾಮುಶ್, ನಮ್ಮ ಬೀದಿಯ ಬೆಳಕೇ, ಯಾವ ಮಣ್ಣಿನಲ್ಲಿ ಮಲಗಿದೆಯೋ, ಎಂದು ನಾಲ್ವರೂ ಎದೆ ಬಡಿದುಕೊಂಡರು. ಒಂದಕ್ಷರ ತಿಳಿಯದ ಕವನಾ ಅವರ ನಡುವೆ ಕೂತು ಬಿಕ್ಕುತ್ತಿದ್ದಳು.

"ಏನಂತಿದಾರ್ರೀ?" ಸುಪ್ರಿಯಾ ಕೇಳಿದಳು.

"ಗೊತ್ತಿಲ್ಲ" ಎಂದ ಉದಯ್. ಸುಮ್ಮನೆ ನಿಲ್ಲಲಾಗದೆ ಟಿಶ್ಯೂ ಡಬ್ಬಿ ತೆಗೆದುಕೊಂಡು ಬಗ್ಗಿ, ತನಗಾಗಿ ಅಳುತ್ತಿದ್ದವರ ಮುಂದೆ ಒಬ್ಬೊಬ್ಬರಿಗೇ ಹಿಡಿಯುತ್ತ ಹೋದ.