ಗುಂಡಿಯಲ್ಲಿ ಕೂತು ಮಾತಾಡಿದ ಲಿಂಗಸಾಮಿ

ಇದರಲ್ಲಿ ಒಂದೆಳೆ ಸುಳ್ಳಿದ್ದರೂ ನನ್ನ ಮಗ್ಗದ ನೂಲನ್ನೆಲ್ಲ ಇಲಿ ಕಡಿಯಲಿ. ನಡೆದದ್ದು ಸೋಮನೂರಿನ ಆಚೆ, ನಮ್ಮ ನೇಕಾರರ ಬೀದಿಯಲ್ಲಿ. ಊರಿಗೆ ಮೊದಲ ಮೋಟಾರು ಕಾರು ಬಂದ ವರ್ಷ.

ಮಗ್ಗದ ಮುಂದೆ ಕೂತರೆ ಲಿಂಗಸಾಮಿ ಮಾತಿನ ಮಲ್ಲ. ಕಾಲನ್ನು ಮಗ್ಗದಡಿಯ ಗುಂಡಿಗೆ ಇಳಿಬಿಟ್ಟು, ಹಲಗೆ ತುಳಿಯುತ್ತ, ಲಾಳಿ ಎಸೆಯುತ್ತ ಹರಟೆ ಶುರುಮಾಡಿದನೆಂದರೆ ಹಾಲಿನವಳು ಹಾಲು ಮೊಸರಾಗುವವರೆಗೂ ಬಾಗಿಲು ಬಿಟ್ಟು ಕದಲುತ್ತಿರಲಿಲ್ಲ. ಅವನನ್ನೇ ನಾಲ್ಕು ಜನರೆದುರು ನಿಲ್ಲಿಸಿದರೆ ಮುಗಿಯಿತು. ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು. ಸುರಿದ ಬೆವರಿನಲ್ಲಿ ಒಂದು ಸೀರೆಯ ನೂಲಿಗಾಗುವಷ್ಟು ಗಂಜಿ ಕಲಸಬಹುದಿತ್ತು. ಮದುವೆಯಲ್ಲಿ ಗೋತ್ರ ಹೇಳಲು ಬಾಯಿ ಬಾರದೆ ಪಕ್ಕದಮನೆಯ ಮಾಯಣ್ಣ ಹೇಳಿದ್ದ. ಪುರೋಹಿತರು ತಾಳಿಯನ್ನೂ ಮಾಯಣ್ಣನ ಕೈಗೇ ಕೊಡಲು ಹೋಗಿದ್ದರು.

ಆ ವರ್ಷ ಪಂಚಾಯಿತಿ ಪ್ರೆಸಿಡೆಂಟ್ ಚೆನ್ನಿಯಪ್ಪನ್ ಕಾರು ಕೊಂಡರು. ನೇಕಾರರೋ, ಬೆಳಗಾದರೆ ಮಗ್ಗಕ್ಕೇರಿಸುವ ಉದ್ದನೆಯ ಹಾಸುನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಗಂಜಿ ಬಳಿದು ಒಣಗಿಸುವವರು. ಬೀದಿಯಿಲ್ಲದೆ ಹಾಸಿಲ್ಲ, ಹಾಸಿಲ್ಲದೆ ಸೀರೆಯಿಲ್ಲ. ಕಾರು ಹೋಗುವುದೆಲ್ಲಿ? ‘ಇನ್ನುಮುಂದೆ ಬೀದಿಯಲ್ಲಿ ನೂಲು ಹಾಕಬಾರದು, ಒಪ್ಪದವರು ಶುಕ್ರವಾರ ಸಭೆಯಲ್ಲಿ ಎದ್ದು ಹೇಳಿ’ ಎಂದು ಅವರು ತಮಟೆ ಹೊಡೆಸಿದರು.

ಬೀದಿಯೆಲ್ಲ ಲಿಂಗಸಾಮಿಯ ಬಾಗಿಲಿಗೆ ಬಂತು.

“ನೀನೇ ಮಾತಾಡ್ಬೇಕು ಅಣ್ಣಾ,” ಎಂದ ಮಾಯಣ್ಣ. “ಈ ಸಲ ನಿನ್ ಬದ್ಲು ನಾನ್ ಹೇಳಕ್ಕಾಗಲ್ಲ.”

“ನನ್ನ ಬುಟ್ಬುಡ್ರಪ್ಪಾ!”

“ಮೊದ್ಲು ನಮ್ಮೆಮ್ಮೆ ಮುಂದೆ ನಿಂತು ಹೇಳಿ, ನೋಡೋಣ,” ಎಂದಳು ಹೆಂಡತಿ ಕಣ್ಣಮ್ಮ.

ಲಿಂಗಸಾಮಿ ನಿಂತ. ಎಮ್ಮೆ ಮೆಲುಕು ನಿಲ್ಲಿಸಿ ತಲೆಯೆತ್ತಿತು. ಅಷ್ಟೇ, ಅವನ ಮಂಡಿ ಲಟಲಟ ಬಡಿದುಕೊಂಡಿತು. ಆಚೆ ಬೀದಿಯವರು ಯಾರೋ ಹೊಸ ಮಗ್ಗ ಹಾಕಿದರೆಂದುಕೊಂಡರು.

“ಎಮ್ಮೆಗೇ ಹಿಂಗೆ ನಡುಗ್ತೀರಲ್ರೀ!”

ಅವಮಾನದಿಂದ ಅವನು ಮಗ್ಗಕ್ಕೆ ಹೋಗಿ ಕಾಲು ಇಳಿಬಿಟ್ಟ. ಕೂತದ್ದೇ ತಡ, ಆ ಎಮ್ಮೆಯನ್ನೂ ಅದರ ಅಜ್ಜಿಯನ್ನೂ ಸೇರಿಸಿ ಬೈಯತೊಡಗಿದ. ಒಂದು ಮಾತೂ ತಡವರಿಸಲಿಲ್ಲ. ಕಣ್ಣಮ್ಮ ಕೇಳಿದಳು, ಅವನ ಕಾಲು ನೋಡಿದಳು, ಹಾರೆ ತೆಗೆದುಕೊಂಡು ಮಾಯಣ್ಣನನ್ನು ಕರೆದಳು.

ಶುಕ್ರವಾರ ಬೇವಿನ ಮರದಡಿ ಸಭೆ ಸೇರಿದಾಗ ಪ್ರೆಸಿಡೆಂಟರ ಕುರ್ಚಿಯೆದುರಿಗೆ ಒಂದು ಗುಂಡಿಯಿತ್ತು, ಅದರೊಳಗೆ ತುಳಿಯಲು ಎರಡು ಹಲಗೆ.

“ಇದೇನು, ಹೆಣ ಹೂಳೋಕಾ?” ಎಂದರು ಚೆನ್ನಿಯಪ್ಪನ್.

“ಇಲ್ಲ ಸಾಮಿ, ನಮ್ ವಕೀಲ್ರು ಕೂರೋಕೆ,” ಎಂದಳು ಕಣ್ಣಮ್ಮ.

ಲಿಂಗಸಾಮಿ ಕೂತ. ಹಲಗೆ ತುಳಿದ. ನಾಲಿಗೆ ಬಿಚ್ಚಿಕೊಂಡಿತು. “ಸಾಮಿ, ನೀವು ಉಟ್ಟಿರೋ ವೇಷ್ಟಿ ಈ ಬೀದೀಲೇ ಮಲಗಿ ಎದ್ದಿದ್ದು. ನಿಮ್ ಮಗಳ ಮದುವೆ ಸೀರೆ ಇಲ್ಲೇ ಬಿಸಿಲು ಕಾಯ್ಸಿದ್ದು. ಬೀದಿ ಕಿತ್ಕೊಂಡ್ರೆ ನಾಳೆ ಏನುಟ್ಕೊಂಡು ಕಾರಲ್ಲಿ ಕೂರ್ತೀರಿ?”

ಜನ ಗೊಳ್ಳೆಂದು ನಕ್ಕರು. ಪ್ರೆಸಿಡೆಂಟರ ಮೀಸೆ ನೆಟ್ಟಗಾಯಿತು. “ಗುಂಡೀಲಿ ಕೂತು ಕಪ್ಪೆ ಹಂಗೆ ವಟಗುಟ್ಬೇಡ! ಗಂಡಸಾದ್ರೆ ಮೇಲೆ ಬಂದು ಹೇಳು!”

“ಬರ್ತೀನಿ!” ಎಂದು ಅವನು ಸಿಟ್ಟಿನಲ್ಲಿ ಒಂದೇ ನೆಗೆತಕ್ಕೆ ಮೇಲೆ ಬಂದ. “ನಿಮ್ ಕಾರು ಊಟ ಮುಗ್ಸಿ ಎದ್ರೂ ನಡೀತದೆ. ನೂಲು ಸೂರ್ಯನ ಜೊತೆ ಏಳ್ಬೇಕು!” ಎನ್ನುವಾಗ ಕಣ್ಣಮ್ಮ ಬಾಯಿಗೆ ಸೆರಗು ಒತ್ತಿಕೊಂಡದ್ದು ಕಂಡಿತು. ಅವನು ಕೆಳಗೆ ನೋಡಿದ. ನಿಂತಿದ್ದ! ಸುತ್ತ ಊರಿಗೆ ಊರೇ ಇತ್ತು. ನಾಲಿಗೆ ಮತ್ತೆ ಅಂಗುಳಕ್ಕೆ ಅಂಟಿತು. ಗುಂಡಿಗೆ ಮರಳೋಣವೆಂದರೆ ಪ್ರೆಸಿಡೆಂಟರು ನಗುತ್ತಾರೆ. ಇರಲಿ ಎಂದು ಅವನು ಬರೀ ನೆಲವನ್ನೇ ತುಳಿದ. ಎಡ, ಬಲ, ಮತ್ತೆ ಎಡ. ಮಾತು ಮೆಲ್ಲಗೆ ಹತ್ತಿಕೊಂಡಿತು. ನಡುಗುತ್ತಲೇ, ಆದರೆ ನಿಂತೇ, ಬೀದಿಯ ಪರವಾಗಿ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ.

ಈಗ ಉತ್ತರ ಕೊಡಲು ಚೆನ್ನಿಯಪ್ಪನ್ ಎದ್ದರು. ಪಾಪ, ಆವರೆಗೆ ಅವರಿಗೆ ಎದುರುಮಾತು ಆಡಿದವರೇ ಇರಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಮೀಸೆ ನಡುಗಿತು, ಬೆವರು ಹರಿದು ಹೊಸ ಚಪ್ಪಲಿ ತೇಲಿತು. ಕೊನೆಗೆ ಪಿಸುಗುಟ್ಟಿದರು:

“ಕಣ್ಣಮ್ಮಾ... ಆ ಗುಂಡೀಲಿ ನಾನೂ ಸ್ವಲ್ಪ ಕೂರ್ಲಾ?”

ಕೂತರು. ತುಳಿದರು. ದನಿ ಬಂತು: “ನೂಲು ಒಣಗೋವರ್ಗೂ ಕಾರು ಮರದ ಕೆಳ್ಗೆ ನಿಲ್ಲಲಿ.”

ಮಾರನೆಯ ದಿನದಿಂದ ಹಾಗೆಯೇ ನಡೆಯಿತು. ಇದನ್ನು ನಂಬದವನು ಪಲ್ಲಡದಲ್ಲಿ ಒಬ್ಬನಿದ್ದ. ಆಮೇಲೆ ತಪ್ಪಾಯಿತೆಂದು ನನಗೆ ಇಡ್ಲಿ, ಕಾಫಿ ಕೊಡಿಸಿದ. ನಿಮ್ಮ ಮುಖದಲ್ಲೂ ಅದೇ ಅನುಮಾನ ಕಾಣುತ್ತಿದೆ. ಕಾಫಿ ಗಟ್ಟಿಯಾಗಿರಲಿ, ಇಡ್ಲಿಗೆ ಚಟ್ನಿಪುಡಿಯ ಜೊತೆ ಎಣ್ಣೆ ಹಾಕಿಸುವುದನ್ನು ಮರೆಯಬೇಡಿ.