ಕುಂಬಳಕಾಯಿಯ ಮೇಲಿನ ನಾಲ್ಕು ಚುಕ್ಕೆ

ಇಲ್ಲ, ನಿನ್ನೆ ಇದು ಇರಲಿಲ್ಲ. ಇದ್ದಿದ್ದರೆ ತನ್ನ ಕಣ್ಣಿಗೆ ಬೀಳದೆ ಹೋಗುತ್ತಿತ್ತೆ? ಮೂವತ್ತು ವರ್ಷ ಸೂಜಿಗೆ ದಾರ ಪೋಣಿಸಿದ ಕಣ್ಣು. ಅಥವಾ ಇತ್ತೋ ಏನೋ, ಎಲೆಯ ನೆರಳು ಬಿದ್ದು ಕಾಣಲಿಲ್ಲವೋ? ಹುಳ ಕೊರೆದಿರಬಹುದು. ಆದರೆ ಹುಳ ಮನಸ್ಸು ಬಂದ ಕಡೆ ಕೊರೆಯುತ್ತದೆ. ಹೀಗೆ ಸಾಲು ಹಿಡಿದು ಕೂತು ಕೊರೆಯುತ್ತದೆಯೆ?

ದರ್ಜಿ ಹಿತ್ತಲಿನ ಮರಳಿನ ಮೇಲೆ ಮಂಡಿಯೂರಿ, ಮೂಗು ತಾಗುವಷ್ಟು ಬಗ್ಗಿ, ತನ್ನ ಸಿಹಿಗುಂಬಳದ ಪಕ್ಕೆಯನ್ನು ನೋಡುತ್ತಿದ್ದ. ನಾಲ್ಕು ಚುಕ್ಕೆ. ಒಂದರಿಂದ ಒಂದಕ್ಕೆ ಸರಿಯಾಗಿ ಎರಡು ಬೆರಳು. ಪ್ರತಿಯೊಂದರ ಬಾಯಲ್ಲೂ ಅಂಟು ಒಸರಿ, ಒಣಗಿ, ಸಾಸಿವೆ ಗಾತ್ರದ ಹರಳಾಗಿ ನಿಂತಿತ್ತು. ಉಗುರಿನಿಂದ ಒಂದನ್ನು ಕಿತ್ತ. ಕೆಳಗೆ ತೂತು. ಸೂಜಿ ಹೋಗುವಷ್ಟು ತೂತು.

ಸೂಜಿ ಎಂದು ಮನಸ್ಸಿಗೆ ಬಂದದ್ದೇ ತಡ, ಅದರ ಬೆನ್ನಿಗೇ ಒಂದು ಮುಖವೂ ಬಂತು.

ಗೋಡೆಯಾಚೆ ಮನೆಯ ಕಾಂಪೌಂಡರನ ಮುಖ. ದರ್ಜಿಯ ಹೆಂಡತಿಯ ಅಕ್ಕನ ಗಂಡ; ಸಂಬಂಧದಲ್ಲಿ ಷಡ್ಡಕ, ಕರೆಯುವುದು ಭಾವ ಎಂದು. ಎರಡು ಮನೆಗೂ ನಡುವೆ ಎದೆಮಟ್ಟದ ಗೋಡೆ, ಗೋಡೆಯಲ್ಲಿ ಬಾಗಿಲಿಲ್ಲದ ಒಂದು ಕಿಂಡಿ. ಅಕ್ಕತಂಗಿಯರು ದಿನಕ್ಕೆ ಹತ್ತು ಸಲ ಆ ಕಡೆ ಈ ಕಡೆ ಓಡಾಡಲಿ ಎಂದು ಮಾವನೇ ಒಡೆಸಿದ್ದ ಕಿಂಡಿ. ಡಾಕ್ಟರ ಔಷಧಿ ಕೋಣೆಯಲ್ಲಿ ಕೆಲಸ ಮಾಡುವ ಮನುಷ್ಯನಿಗೆ ಇಂಜೆಕ್ಷನ್ ಸೂಜಿ ಸಿಗುವುದು ಕಷ್ಟವೆ? ಅವನ ಅಂಗಿ ಜೇಬಿನಲ್ಲೇ ಎರಡು ಬಿದ್ದಿರುತ್ತವೆ.

ತೋಟಗಾರರ ಸಂಘದ ಸ್ಪರ್ಧೆಗೆ ಇನ್ನು ಮೂರು ವಾರ. ಅತಿ ಭಾರದ ಕುಂಬಳಕಾಯಿಗೆ ಮೊದಲ ಬಹುಮಾನ. ಮೂರು ವರ್ಷದಿಂದ ಅದು ಕಾಂಪೌಂಡರನ ಮನೆಗೆ ಹೋಗುತ್ತಿತ್ತು, ಎರಡನೆಯದು ಮೂರು ವರ್ಷವೂ ದರ್ಜಿಗೆ. ಸ್ಪರ್ಧೆಯಲ್ಲಿ ಮಾತ್ರವಲ್ಲ. ಮಾವ ಬದುಕಿದ್ದಷ್ಟು ದಿನವೂ, ಮನೆಗೆ ಸುಣ್ಣ ಹೊಡೆಸುವುದಿದ್ದರೂ, “ದೊಡ್ಡ ಅಳಿಯಂದಿರನ್ನ ಒಂದು ಮಾತು ಕೇಳಿ” ಅನ್ನುತ್ತಿದ್ದರು. ಚಿಕ್ಕ ಅಳಿಯನನ್ನು ಕೇಳುತ್ತಿದ್ದದ್ದು ಪ್ಯಾಂಟಿನ ಉದ್ದ ಕಡಿಮೆ ಮಾಡುವುದಕ್ಕೆ. ಈ ವರ್ಷ ಮೊದಲ ಬಾರಿಗೆ ದರ್ಜಿಯ ಕಾಯಿ ಮುಂದಿತ್ತು. ಟೇಪು ಸುತ್ತಿದರೆ ಷಡ್ಡಕನ ಕಾಯಿಗಿಂತ ಒಂಬತ್ತು ಇಂಚು ಹೆಚ್ಚು.

ಕಾಯಿಯಲ್ಲಿ ಒಳಗಿನವರೆಗೆ ಇಳಿದ ತೂತೋ ಬಿರುಕೋ ಇದ್ದರೆ ಸಂಘದವರು ತಕ್ಕಡಿಗೆ ಏರಿಸುವುದೇ ಇಲ್ಲ. ಹಿಂದೆ ಯಾರೋ ಪುಣ್ಯಾತ್ಮ ಸಿರಿಂಜಿನಿಂದ ನೀರು ತುಂಬಿಸಿ ತೂಕ ಹೆಚ್ಚಿಸಿದನಂತೆ. ಅಂದಿನಿಂದ ತೀರ್ಪುಗಾರರು ಕಾಯಿಯ ಸುತ್ತ ಬೆರಳಾಡಿಸಿ ನೋಡುತ್ತಾರೆ. ನಾಲ್ಕು ಚುಕ್ಕೆ ಸಿಕ್ಕರೆ ಬಹುಮಾನ ಹೋಗುವುದಿರಲಿ, ದರ್ಜಿ ನೀರು ತುಂಬಿಸಿದ ಎಂಬ ಹೆಸರು ಬೇರೆ. ಎಂಥಾ ಉಪಾಯ! ಹಾವೂ ಸಾಯಬೇಕು, ಕೋಲೂ ಮುರಿಯಬಾರದು.

ಹೆಂಡತಿ ಬಟ್ಟೆ ಒಣಹಾಕಲು ಬಂದಳು.

“ಏನ್ರೀ ಅದು, ಕಾಯಿ ಕಿವೀಲಿ ಗುಟ್ಟು ಹೇಳ್ತಿದೀರಾ?”

“ನಿನ್ನೆಯಿಂದ ಈ ಕಡೆ ಯಾರು ಬಂದಿದ್ರು?”

“ಯಾರು ಬರ್ತಾರೆ? ಅಕ್ಕ ಬಂದಿದ್ಲು. ಬೆಳಿಗ್ಗೆ ಭಾವ ಬಂದು ನೋಡ್ಕೊಂಡು ಹೋದ್ರು.”

“ಏನು ನೋಡಿದ್ರು?”

“ಕುಂಬಳಕಾಯಿ ನೋಡೋಕೆ ಬಂದೋರು ಇನ್ನೇನು ನೋಡ್ತಾರೆ? ತಟ್ಟಿದ್ರು, ಸವರಿದ್ರು, ‘ನಿನ್ನ ಗಂಡ ಈ ಸಲ ನನ್ನ ಮಾನ ಕಳೀತಾನೆ’ ಅಂತ ನಕ್ಕೊಂಡು ಹೋದ್ರು.”

ನಕ್ಕೊಂಡು ಹೋದರಂತೆ. ದರ್ಜಿ ಬಿಳಿ ಹೊದಿಕೆಯನ್ನು ಕಾಯಿಯ ಮೇಲೆ ಎಳೆದ. ಬಿಸಿಲಿಗೆ ಸಿಪ್ಪೆ ಬೇಗ ಗಟ್ಟಿಯಾದರೆ ಒಳಗಿನದು ಬೆಳೆಯಲು ಜಾಗವಿಲ್ಲದೆ ಕಾಯಿ ಬಿರಿಯುತ್ತದೆ. ಅದಕ್ಕೇ ಎಲ್ಲರೂ ಹಳೆಯ ದುಪ್ಪಟಿ ಹೊದಿಸುತ್ತಾರೆ. ದರ್ಜಿಗೆ ಅದು ಒಗ್ಗಲಿಲ್ಲ. ಅಳತೆ ತೆಗೆದು ಹತ್ತಿ ಬಟ್ಟೆಯ ಅಂಗಿಯನ್ನೇ ಹೊಲಿದಿದ್ದ. ಬೆಳೆಯುವ ಮಕ್ಕಳ ಫ್ರಾಕಿಗೆ ಬಿಡುವ ಹಾಗೆ ಒಳಗೆ ಬಟ್ಟೆ ಮಡಚಿಟ್ಟು, ಮೂರು ದಿನಕ್ಕೊಮ್ಮೆ ಹೊಲಿಗೆ ಬಿಚ್ಚಿ ಅಗಲ ಮಾಡುತ್ತಿದ್ದ. ನಿನ್ನೆ ಸಂಜೆಯೂ ಮಾಡಿದ್ದ. ಆಗ ಈ ಚುಕ್ಕೆಗಳು ಇರಲಿಲ್ಲ. ಆಣೆಗೂ ಇರಲಿಲ್ಲ.

ಆಮೇಲೆ ಅವನಿಗೆ ಎಲ್ಲವೂ ಬೇರೆಯಾಗಿ ಕಾಣತೊಡಗಿತು. ಬೀಜ ಕೊಟ್ಟವನು ಷಡ್ಡಕನೇ. ಒಳ್ಳೆಯದನ್ನು ತಾನಿಟ್ಟುಕೊಂಡು ಉಳಿದದ್ದನ್ನು ಕೊಟ್ಟಿರಬೇಕು. ಹೆಣ್ಣು ಹೂವಿಗೆ ಗಂಡು ಹೂವು ತಾಗಿಸಿ ದಾರ ಕಟ್ಟುವುದನ್ನು ಕಲಿಸಿದವನೂ ಅವನೇ; ಯಾಕೆ ಕಲಿಸಿದ, ಸೋಲುವುದಕ್ಕೆ ಜೊತೆ ಬೇಕು ಅಂತ ತಾನೆ? ಬಳ್ಳಿಯಲ್ಲಿ ಒಂದೇ ಕಾಯಿ ಉಳಿಸಿ ಮಿಕ್ಕದ್ದನ್ನು ಚಿವುಟು ಅಂದಾಗ ಯಾವ ಕಾಯಿ ಎಂದು ಬೆರಳು ತೋರಿಸಿದ್ದೂ ಅವನೇ. ಅದೇ ಕಾಯಿ ಈಗ ಒಂಬತ್ತು ಇಂಚು ಮುಂದಿದೆ ಎಂಬುದನ್ನು ಮಾತ್ರ ದರ್ಜಿಯ ಮನಸ್ಸು ಲೆಕ್ಕಕ್ಕೆ ಹಿಡಿಯಲಿಲ್ಲ.

ಭಾನುವಾರ ಎರಡೂ ಮನೆಯವರದು ಒಟ್ಟಿಗೆ ಊಟ. ದರ್ಜಿ ಅನ್ನ ಕಲಸುತ್ತ, ಯಾರ ಮುಖವನ್ನೂ ನೋಡದೆ ಅಂದ:

“ಭಾವ, ಒಂದು ಗಾದೆ ಇದೆಯಲ್ಲ, ಕುಂಬಳಕಾಯಿ ಕಳ್ಳ ಅಂದ್ರೆ...”

“ಹೆಗಲು ಮುಟ್ಟಿ ನೋಡ್ಕೊಂಡ!” ಕಾಂಪೌಂಡರ್ ಎಡಗೈಯಲ್ಲಿ ತನ್ನ ಎರಡೂ ಹೆಗಲನ್ನು ಒರೆಸಿಕೊಂಡು ತೋರಿಸಿ ಗಹಗಹಿಸಿದ. “ಯಾಕಪ್ಪಾ ಟೈಲರಪ್ಪ, ಯಾರಾದ್ರೂ ಕದೀತಾರೆ ಅಂತ ಭಯಾನಾ? ನಿನ್ನ ಕಾಯಿ ಎತ್ತೋಕೆ ಆರು ಜನ ಬೇಕು. ಅಷ್ಟು ಜನ ಕಳ್ಳರು ಒಗ್ಗಟ್ಟಾಗಿದ್ರೆ ಎಲೆಕ್ಷನ್‌ಗೇ ನಿಲ್ತಿದ್ರು.”

ಎಲ್ಲರೂ ನಕ್ಕರು. ಅತ್ತಿಗೆಯಂತೂ ನೀರು ನೆತ್ತಿಗೇರಿಸಿಕೊಂಡಳು. ದರ್ಜಿ ನಗಲಿಲ್ಲ. ಮುಟ್ಟಿಕೊಂಡನಲ್ಲ! ತಮಾಷೆಗೆ ಅಂತಲೇ ಇಟ್ಟುಕೊಳ್ಳೋಣ. ತಪ್ಪು ಮಾಡದವನಿಗೆ ಅಷ್ಟು ಬೇಗ ಕೈ ಹೆಗಲಿಗೆ ಹೋಗುತ್ತದೆಯೆ?

ಮಾರನೆಯ ದಿನ ಮಧ್ಯಾಹ್ನ ಅವನು ಕಿಂಡಿ ದಾಟಿದ.

ಕಾಂಪೌಂಡರ್ ಕೆಲಸಕ್ಕೆ ಹೋಗಿದ್ದ. ಅತ್ತಿಗೆ ಊಟ ಮುಗಿಸಿ ಒಳಗೆ ಮಲಗಿದ್ದಳು. ಫ್ಯಾನಿನ ಕಿರಕಿರ ಸದ್ದು ಕಿಟಕಿಯಿಂದ ಕೇಳುತ್ತಿತ್ತು. ಬಳ್ಳಿಗೆ ಷಡ್ಡಕ ದಿನಕ್ಕೆ ಎರಡೇ ಬಕೆಟ್ಟು ನೀರು ಹಾಕುತ್ತಿದ್ದ, ಬೆಳಿಗ್ಗೆ, ಅಳತೆ ತಪ್ಪದೆ. ಒಮ್ಮೆಲೇ ನೀರು ಕುಡಿದರೆ ಕಾಯಿ ಒಳಗಿಂದ ಉಬ್ಬಿ ಸೀಳುತ್ತದೆ ಎಂದು ದರ್ಜಿಗೆ ಹೇಳಿಕೊಟ್ಟಿದ್ದೂ ಅವನೇ. ದರ್ಜಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕದ ನಲ್ಲಿಗೆ ಪೈಪು ಸಿಕ್ಕಿಸಿ, ತುದಿಯನ್ನು ಬಳ್ಳಿಯ ಬುಡಕ್ಕಿಟ್ಟು, ನಲ್ಲಿ ತಿರುಗಿಸಿದ. ವಾಪಸ್ಸು ಬಂದು, ಮನೆಯ ಮುಂಗೋಣೆಯಲ್ಲೇ ಇದ್ದ ಅಂಗಡಿಯಲ್ಲಿ ಮಿಷನ್ನಿನ ಮುಂದೆ ಕೂತು ಒಂದು ಕಾಲರ್ ಹೊಲಿದ. ಹೋಗಿ ನಿಲ್ಲಿಸಿದ. ಮರುದಿನ ಎರಡು ಕಾಲರ್. ಮೂರನೆಯ ದಿನ ನೀರು ಬಿಟ್ಟು ಬಂದವನಿಗೆ ಕೋಟಿನ ಅಳತೆ ಕೊಡಲು ಗಿರಾಕಿ ಬಂದು ವಕ್ಕರಿಸಿದ. ಎದೆ, ಸೊಂಟ, ತೋಳು. ಬರೆದದ್ದನ್ನೇ ಮತ್ತೆ ಬರೆದ. ಗಿರಾಕಿ ಹೋಗುವ ಹೊತ್ತಿಗೆ ಗೋಡೆಯಾಚೆಯಿಂದ ಅತ್ತಿಗೆಯ ದನಿ ಕೇಳಿತು.

“ಅಯ್ಯೋ, ಇದೇನಿದು, ಹಿತ್ತಲೆಲ್ಲ ಕೆರೆ ಆಗಿದೆ!”

ಎರಡು ದಿನದ ನಂತರ ಕಾಯಿ ಒಡೆಯಿತು. ತೊಟ್ಟಿನಿಂದ ಹೊಟ್ಟೆಯವರೆಗೆ ಅಂಗೈ ತೂರುವಷ್ಟು ಸೀಳು, ಒಳಗಿನ ಕೆಂಪು ತಿರುಳು, ಬೀಜ, ಎಲ್ಲ ಕಾಣುತ್ತಿತ್ತು. ದರ್ಜಿ ಕಿಂಡಿಯಲ್ಲಿ ನಿಂತು ನೋಡಿದ. ಖುಷಿಯಾಗಬೇಕಿತ್ತು. ಆಗಲಿಲ್ಲ.

ಷಡ್ಡಕ ಕೂಗಾಡಿದ್ದರೆ ಚೆನ್ನಾಗಿತ್ತು. ಅವನು ಕಾಯಿಯ ಪಕ್ಕ ಕೂತು ಸೀಳಿನ ಅಂಚನ್ನು ಬೆರಳಿನಿಂದ ಸವರುತ್ತಿದ್ದ. ಬಾಗಿಲಲ್ಲಿ ಅತ್ತಿಗೆ ಸೆರಗಿನ ತುದಿ ಹಿಂಡುತ್ತ ನಿಂತಿದ್ದಳು.

“ನಾನು ಬಟ್ಟೆ ಒಗೆದ ಮೇಲೆ ನಲ್ಲಿ ನಿಲ್ಲಿಸಿದ್ದೆ ಅನ್ಸುತ್ತೆ,” ಅಂದಳು. ನಲ್ಲಿಯತ್ತ ತಿರುಗಿ, “ನಿಲ್ಲಿಸಿದ್ನಾ?” ಅಂದಳು.

“ಹೋಗ್ಲಿ ಬಿಡೇ. ಕುಂಬಳಕಾಯಿ ತಾನೆ. ಒಳಗೆ ಹೋಗು.”

ಅವಳು ಹೋದ ಮೇಲೆ ಕಾಂಪೌಂಡರ್ ತಗ್ಗಿದ ದನಿಯಲ್ಲಿ, “ಕಾಯಿ ಚಿಂತೆ ಇಲ್ಲಪ್ಪ,” ಅಂದ. “ಇವಳದೇ ಚಿಂತೆ. ಹೋದ ತಿಂಗಳು ಒಲೆ ಮೇಲೆ ಹಾಲಿಟ್ಟು ಮರೆತ್ಲು. ಈಗ ಇದು. ಪೈಪು ಸಿಕ್ಕಿಸಿದ್ದೂ ನೆನಪಿಲ್ಲವಂತೆ ನೋಡು. ಅತ್ತೆಗೂ ಹೀಗೇ ತಾನೆ ಶುರುವಾಗಿದ್ದು? ಕೊನೆಗೆ ಹೆತ್ತ ಮಕ್ಕಳನ್ನೇ ಯಾರು ಅಂತ ಕೇಳ್ತಿದ್ರು.”

ಹಾಲು ಉಕ್ಕಿಸದ ಮನೆ ಯಾವುದಿದೆ ಎಂದು ಹೇಳಬೇಕೆನಿಸಿತು. “ಹಾಗೇನೂ ಇರಲಿಕ್ಕಿಲ್ಲ ಭಾವ,” ಎಂದಷ್ಟೇ ಅಂದ. ಚುಕ್ಕೆ ಮಾಡಿದವನು ಅನುಭವಿಸಲಿ ಎಂದು ಒಳಗೆ ಯಾರೋ ಇನ್ನೂ ಗೊಣಗುತ್ತಿದ್ದರು. ಆದರೆ ಅನುಭವಿಸುತ್ತಿದ್ದವಳು ಅತ್ತಿಗೆ.

ಸ್ಪರ್ಧೆಯ ಹಿಂದಿನ ದಿನ, ಕಾಯಿಯನ್ನು ಮೈದಾನಕ್ಕೆ ಸಾಗಿಸಲು ಹೊದಿಕೆಯನ್ನು ಬಿಗಿ ಮಾಡಬೇಕಿತ್ತು. ಕರೆಯದಿದ್ದರೂ ಷಡ್ಡಕ ಬಂದು ಬಟ್ಟೆಯ ಇನ್ನೊಂದು ತುದಿ ಹಿಡಿದು ನಿಂತ. ಹಲ್ಲಿನ ನಡುವೆ ನಾಲ್ಕೈದು ಗುಂಡುಸೂಜಿ ಕಚ್ಚಿಕೊಂಡು ದರ್ಜಿ ಬಗ್ಗಿದ. ಬಟ್ಟೆ ಎಳೆ, ಎರಡು ಬೆರಳು ಅಳೆ, ಚುಚ್ಚು. ಎಳೆ, ಅಳೆ, ಚುಚ್ಚು. ಮನಸ್ಸು ಎಲ್ಲೋ ಇತ್ತು. ಮೂವತ್ತು ವರ್ಷದ ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು.

“ಏಯ್ ಏಯ್, ಟೈಲರಪ್ಪ!” ಕಾಂಪೌಂಡರ್ ಅವನ ಮಣಿಕಟ್ಟು ಹಿಡಿದ. “ಕೋಟು ಟ್ರಯಲ್ ಅಂದ್ಕೊಂಡ್ಯಾ? ಬಟ್ಟೆಗಲ್ಲ, ಕಾಯಿಗೇ ಚುಚ್ತಿದೀಯ ನೋಡೋ! ನಾನು ಇಂಜೆಕ್ಷನ್ ಕೊಟ್ಟಿದ್ರೂ ಇಷ್ಟು ಅಳತೆಯಾಗಿ ಕೊಡ್ತಿರಲಿಲ್ಲ.”

ದರ್ಜಿ ಬಟ್ಟೆ ಸರಿಸಿದ. ಹೊಸದಾಗಿ ಮೂರು ಚುಕ್ಕೆ. ಎರಡೆರಡು ಬೆರಳಿನ ಅಂತರ. ಮೊದಲನೆಯದರಿಂದ ಆಗಲೇ ಅಂಟು ಹನಿಯುತ್ತಿತ್ತು. ಬಾಯಲ್ಲಿದ್ದ ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗೈಯಲ್ಲಿಟ್ಟುಕೊಂಡ. ಮಾತಾಡಲು ಈಗ ಯಾವ ಅಡ್ಡಿಯೂ ಇರಲಿಲ್ಲ.

“ಹೆದರಬೇಡ. ಸಿಪ್ಪೆ ದಪ್ಪ ಇದೆ, ಒಳಗೆ ಇಳಿದಿಲ್ಲ,” ಷಡ್ಡಕ ಬಗ್ಗಿ ನೋಡಿ ಹೇಳಿದ. “ಇಲ್ಲಿ ಹಳೇವೂ ಇವೆಯಲ್ಲ ನಾಲ್ಕು! ಭಲೇ. ತೀರ್ಪುಗಾರರು ಕೇಳಿದ್ರೆ ನಾನು ಹೇಳ್ತೀನಿ ಬಿಡು, ನಮ್ಮ ಟೈಲರ್ ಗಾಯ ಮಾಡೋದಕ್ಕೂ ಅಳತೆ ತಗೋತಾನೆ ಅಂತ.”

ಹೇಳಿದ್ದನ್ನು ಮಾಡಿಯೂ ಮಾಡಿದ. ಮೈದಾನದಲ್ಲಿ ತೀರ್ಪುಗಾರ ಚುಕ್ಕೆಗಳ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದಾಗ, ಮೂರು ವರ್ಷದ ವಿಜೇತನೇ ಮುಂದೆ ಬಂದು, ತಾನು ಕಣ್ಣಾರೆ ಕಂಡದ್ದನ್ನು ನಗೆ ಉಕ್ಕುವಂತೆ ವರ್ಣಿಸಿ, ಜವಾಬ್ದಾರಿ ತನ್ನದು ಅಂದ. ತೀರ್ಪುಗಾರ ತೆಳ್ಳಗಿನ ಕಡ್ಡಿ ಇಳಿಸಿ ನೋಡಿ, ಆಳವಿಲ್ಲವೆಂದು ಒಪ್ಪಿದ. ಆರು ಜನ ಎತ್ತಿ ತಕ್ಕಡಿಗೆ ಇಟ್ಟರು. ದರ್ಜಿಗೆ ಮೊದಲ ಬಹುಮಾನ. ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವನು ಷಡ್ಡಕ.

ವಾರ ಕಳೆದ ಮೇಲೆ ಅತ್ತಿಗೆ ಕಿಂಡಿಯಿಂದ ಬಂದು ಅಂಗಡಿಯ ಸ್ಟೂಲಿನ ಮೇಲೆ ಕೂತಳು. ಹೊಲಿಯಲು ಏನನ್ನೂ ತಂದಿರಲಿಲ್ಲ. ದರ್ಜಿ ಮಿಷನ್ ನಿಲ್ಲಿಸಿದ.

“ಡಾಕ್ಟ್ರು ದೊಡ್ಡಾಸ್ಪತ್ರೆಗೆ ಹೋಗಿ ಅಂದ್ರು. ಅಲ್ಲೇನೋ ಪರೀಕ್ಷೆ ಮಾಡ್ತಾರಂತೆ. ಇವತ್ತು ತಾರೀಕು ಎಷ್ಟು, ನೂರರಿಂದ ಹಿಂದಕ್ಕೆ ಏಳೇಳು ಕಳೀರಿ, ಅಂಥದ್ದು. ನಂಗೆ ಲೆಕ್ಕ ಮೊದಲೇ ಬರಲ್ಲ.” ನಗಲು ನೋಡಿದಳು. “ನಿಮ್ಮನ್ನ ಒಂದು ಕೇಳ್ತೀನಿ. ಆವತ್ತು ಮಧ್ಯಾಹ್ನ ನೀವು ಮನೇಲೇ ಇದ್ರಿ. ನಾನು ಎದ್ದು ಬಂದು ಆ ನಲ್ಲಿಗೆ ಪೈಪು ಹಾಕಿದ್ದು ನೋಡಿದ್ರಾ? ನೋಡಿದ್ದೆ ಅಂತ ಹೇಳಿದ್ರೂ ಪರವಾಗಿಲ್ಲ. ಗೊತ್ತಾಗಬೇಕು, ಅಷ್ಟೆ. ನಂಗೆ ಎಷ್ಟು ಯೋಚನೆ ಮಾಡಿದ್ರೂ ನೆನಪಾಗ್ತಿಲ್ಲ.”

ಅವಳ ಅಂಗೈಯಲ್ಲಿ ನೀಲಿ ಶಾಯಿಯಲ್ಲಿ ಏನೋ ಬರೆದಿತ್ತು. ಒಲೆ. ನಲ್ಲಿ. ಬೀಗ. ಬೆವರಿಗೆ ನಡುವಿನ ಅಕ್ಷರಗಳು ಕದಡಿದ್ದವು.

“ಗಿರಾಕಿ ಇದ್ರು ಅತ್ತಿಗೆ,” ದರ್ಜಿ ಅಂದ. “ನಾನು ಆ ಕಡೆ ನೋಡಲಿಲ್ಲ.”

“ಹೌದಾ,” ಅಂದಳು ಅವಳು. ಆಮೇಲೆ ಎದ್ದು, ಬಂದ ದಾರಿಯಲ್ಲೇ ಹೋದಳು.

ಪೈಪು ಸಿಕ್ಕಿಸಿ ನಲ್ಲಿ ತಿರುಗಿಸಿದ್ದು ತಾನು ಎಂದು ಅವನು ಅವಳಿಗೆ ಆ ದಿನ ಹೇಳಲಿಲ್ಲ, ಆಮೇಲೆಯೂ ಎಂದೂ ಹೇಳಲಿಲ್ಲ.